ವಿಟೋರಿಯಾದಲ್ಲಿ ಹಚ್ಚದ ಮೇಣದಬತ್ತಿ

ಫಿಲೋಮಿನಾ ಬಾಯಮ್ಮ, ನೀವು ಕೊಟ್ಟ ಮೇಣದಬತ್ತಿಯನ್ನು ನಾನು ಹಚ್ಚಲಿಲ್ಲ. ಹಚ್ಚಿದೆ ಎಂದದ್ದು ಸುಳ್ಳು. ಕಳಿಸಿದ ಫೋಟೊ ಮಾತ್ರ ನಿಜ—ಮುಚ್ಚಿದ ಬಾಗಿಲು ಕಾಣಬಾರದೆಂದು ಅದರಲ್ಲಿ ಗೋಪುರವನ್ನಷ್ಟೇ ಹಿಡಿದಿದ್ದೆ.

ಈ ಅರಬ್ ನಾಡಿನಲ್ಲಿ, ಖಾಲಿದಿಯಾದ ಈ ಕಟ್ಟಡದಲ್ಲಿ, ನಮ್ಮದು ಎದುರುಬದುರು ಫ್ಲ್ಯಾಟ್. ಇಲ್ಲಿ ಯಾರಾದರೂ ವಿಮಾನ ಹತ್ತುತ್ತಾರೆಂದರೆ ನೆರೆಯವರ ಒಂದು ಪೊಟ್ಟಣ ಅವರ ಚೀಲ ಸೇರುವುದು ವಾಡಿಕೆ. ನನ್ನ ಅಮ್ಮನ ಉಪ್ಪಿನಕಾಯಿಯನ್ನು ನೀವೇ ಎಷ್ಟು ಸಲ ಹೊತ್ತು ತಂದಿಲ್ಲ! ಆಫೀಸಿನ ಕೆಲಸಕ್ಕೆ ನಾನು ಸ್ಪೇನಿನ ಬಿಲ್ಬಾವೊಗೆ ಹೊರಟಾಗ, ಪಕ್ಕದ ವಿಟೋರಿಯಾವನ್ನೂ ನೋಡಿ ಬರುತ್ತೇನೆ ಎಂದೆ. ನಿಮ್ಮ ಮುಖ ಅರಳಿತು. ಉಡುಪಿಯ ಕಾನ್ವೆಂಟಿನಲ್ಲಿ ನಿಮಗೆ ಪಾಠ ಹೇಳಿದ ಸಿಸ್ಟರ್ ಆ ಊರಿನವರಂತೆ; ಗುಡ್ಡದ ಮೇಲಿನ ಹಳೇ ಕೆಥೆಡ್ರಲ್ಲಿನ ಕತೆ ಹೇಳಿ ಮುಗಿಸುತ್ತಿರಲಿಲ್ಲವಂತೆ. ಒಳಕೋಣೆಯಲ್ಲಿ ನಿಮ್ಮ ಯಜಮಾನ ಲಾರೆನ್ಸ್ ಅವರು ಆಸ್ಪತ್ರೆಯಿಂದ ಬಂದು ಮಲಗಿದ್ದರು.

“ಅಲ್ಲಿ ಇದನ್ನು ಹಚ್ಚಿ ಬನ್ನಿ ಮಾರಾಯ್ರೆ. ಇವರಿಗೆ ಒಮ್ಮೆ ಹುಷಾರಾಗ್ಲಿ ಅಂತ ಹೇಳಿ. ಅಷ್ಟು ಸಾಕು,” ಎಂದಿರಿ.

ಅಷ್ಟೂ ಆಗಲಿಲ್ಲ ನನ್ನಿಂದ.

ಬೆಳಿಗ್ಗೆಯೇ ಬಸ್ಸಿಳಿದಿದ್ದೆ. ಗಾಜಿನ ಬಾಲ್ಕನಿಗಳ ಬಿಳಿ ಮನೆಗಳು, ಕಮ್ಮಾರರ ಬೀದಿ, ಚೂರಿ ಮಾಡುವವರ ಬೀದಿ—ಎಲ್ಲದರ ಮುಂದೆಯೂ ನಿಂತು ಫೋಟೊ ತೆಗೆದುಕೊಂಡೆ. ದೇವರ ಮನೆ ಎಲ್ಲಿ ಓಡಿಹೋಗುತ್ತದೆ ಎಂಬ ಧೈರ್ಯ. ನಡುರಾತ್ರಿಯವರೆಗೆ ತೆರೆದಿರುವ ಮಾಲ್‌ಗಳನ್ನು ಕಂಡ ಕಣ್ಣು ನನ್ನದು. ಒಂದು ಊರಿಗೆ ಊರೇ ಮಧ್ಯಾಹ್ನ ಬಾಗಿಲೆಳೆದು ಊಟಕ್ಕೆ ಹೋಗುತ್ತದೆಂದು ಹೊಳೆಯಲೇ ಇಲ್ಲ. ಹಳೇ ಕೆಥೆಡ್ರಲ್ಲಿನಲ್ಲಿ ದುರಸ್ತಿ ಕೆಲಸ. ಹೆಲ್ಮೆಟ್ ಹಾಕಿಕೊಂಡು ಗೈಡ್ ಜೊತೆಗೇ ಒಳಗೆ ಹೋಗಬೇಕು, ಮುಂದಿನ ಸುತ್ತು ಸಂಜೆಗೆ ಎಂದರು ಬಾಗಿಲಲ್ಲಿದ್ದವರು. ರೇಗಿತು. ಬಿಸಿಲಲ್ಲಿ ಹೊಸ ಕೆಥೆಡ್ರಲ್‌ವರೆಗೆ ನಡೆದೆ—ಅದೂ ಮುಚ್ಚಿತ್ತು. ಆ ಊರಿನ ಮೇಲೆ, ಅವರ ಮಧ್ಯಾಹ್ನದ ಊಟದ ಮೇಲೆ, ನಿಜ ಹೇಳಲೇ... ನಿಮ್ಮ ಮೇಲೂ ಸಿಟ್ಟು ಬಂತು.

ಕಾಯಬಹುದಿತ್ತು. ಸಂಜೆಗೂ ಬಸ್ಸಿತ್ತು. ಮರುದಿನ ಬಿಲ್ಬಾವೊದಲ್ಲಿ ತೆರೆದಿದ್ದ ಒಂದು ಚರ್ಚಿನ ಮುಂದೆಯೇ ಹಾದುಹೋದೆ. ಬತ್ತಿ ಕೋಟಿನ ಜೇಬಿನಲ್ಲೇ ಇತ್ತು. ಇಲ್ಲಿಗೆ ಬಂದ ಮೇಲೆ ಅದನ್ನು ಕಾರಿನ ಡ್ಯಾಶ್‌ಬೋರ್ಡಿನೊಳಗೆ ತುರುಕಿದೆ. ಬನಿಯಾಸ್‌ನಲ್ಲಿ ನಮ್ಮ ಕಂಪನಿಯ ಕೆಲಸ ನಡೆಯುವ ಸೈಟಿನಲ್ಲಿ ಬಿಸಿಲಿಗೆ ನಿಂತ ಕಾರು—ಬತ್ತಿ ಕರಗಿ ತಳಕ್ಕೆ ಅಂಟಿಕೊಂಡಿತು. ಇವತ್ತಿಗೂ ಹಾಗೇ ಇದೆ.

ಲಾರೆನ್ಸ್ ಉಳಿಯಲಿಲ್ಲ. ಬತ್ತಿ ಹಚ್ಚಿದ್ದರೆ ಉಳಿಯುತ್ತಿದ್ದರೆಂದು ನಂಬುವವನಲ್ಲ ನಾನು. ಆ ಮಾತಿನ ಹಿಂದೆಯೇ ಅಡಗಿಕೊಂಡು ಇಷ್ಟು ವರ್ಷ ಕಳೆದೆ. ಆದರೆ ನೀವು ಚರ್ಚಿಗೆ ಹೋಗುವುದನ್ನೇ ಬಿಟ್ಟಿರಿ. ಯಾಕೆಂದು ಮೊನ್ನೆ ಲಿಫ್ಟಿನಲ್ಲಿ ನೀವೇ ಹೇಳಿದಿರಿ.

“ನೀವು ಅಷ್ಟು ದೂರ ಹೋಗಿ ಹೇಳಿ ಬಂದ್ರಿ. ದೇವರು ಕೇಳ್ಳಿಲ್ಲ. ಇನ್ನು ಅವನತ್ರ ನನಗೆ ಮಾತಿಲ್ಲ.”

ನಾನು ತಲೆಯಾಡಿಸಿದೆ. ಬಾಯಿ ಬಿಡಬೇಕಾದ ಗಳಿಗೆಯಲ್ಲಿ—ಥೂ, ತಲೆಯಾಡಿಸಿದೆ ಬಾಯಮ್ಮ.

ಅವನು ಕೇಳಲಿಲ್ಲವೆಂದಲ್ಲ. ನನ್ನ ಕೈಗೆ ಕೊಟ್ಟ ನಿಮ್ಮ ಪೊಟ್ಟಣ ಅವನಿಗೆ ತಲುಪಲೇ ಇಲ್ಲ. ನಿಮ್ಮ ಸಿಟ್ಟು ಸಲ್ಲಬೇಕಾದದ್ದು ನನಗೆ. ಈ ಸಂಜೆ ಬಂದು ಇದನ್ನೇ ನಿಮ್ಮೆದುರು ನಿಂತು ಹೇಳುತ್ತೇನೆ. ಕೇಳಿ ನೀವು ಬಾಗಿಲು ಹಾಕಿಕೊಂಡರೆ ಸರಿಯೇ. ಈ ಸಲ ಮುಚ್ಚಿದ ಬಾಗಿಲ ಮುಂದೆ ಕಾಯುತ್ತೇನೆ.