ಬರಿಗಾಲಲ್ಲಿ ನೋಡಿದ ಫ್ಲ್ಯಾಟು

ಸ್ನೇಹಿತರೇ, ಇವತ್ತು ಸೋಲದೇವನಹಳ್ಳಿಯಲ್ಲಿ ಕಟ್ಟುತ್ತಿರುವ ಒಂದು ಫ್ಲ್ಯಾಟು ನೋಡಿಕೊಂಡು ಬಂದೆ. ಯಜಮಾನರು ತೀರಿಕೊಂಡ ಮೇಲೆ ನನ್ನೊಬ್ಬಳಿಗೆ ಸಾಕಾಗುವಂಥ ಸಣ್ಣ ಮನೆ ಹುಡುಕುತ್ತಿದ್ದೇನೆ. ಕೊಳ್ಳುವವರ ಪರವಾಗಿ ಚೌಕಾಸಿ ಮಾಡುವ ಏಜೆಂಟ್ ಮುನಿರಾಜಣ್ಣ ಜೊತೆಗಿದ್ದರು. ಅವರು ಗೇಟಿನಲ್ಲೇ ಚಪ್ಪಲಿ ಬಿಟ್ಟರು.

“ಸಾರ್, ಇನ್ನೂ ಟೈಲ್ಸ್ ಹಾಕಿಲ್ಲ, ಮೊಳೆ ಚುಚ್ಚುತ್ತೆ” ಎಂದರು ಬಿಲ್ಡರ್ ಕಡೆಯ ಸೇಲ್ಸ್‌ನವರು.

“ಇಲ್ಲಿ ನಮ್ ರಾಗಿ ಕಣ ಇತ್ತು ಸ್ವಾಮಿ. ಕಣಕ್ಕೆ ಚಪ್ಪಲಿ ಆಕ್ಕೊಂಡು ಎಂಗ್ ಬರೋದು?”

ನಾನೂ ಚಪ್ಪಲಿ ಬಿಟ್ಟು ಒಳಗೆ ಹೋದೆ.

“ಮೇಡಂ, ಇವತ್ತೇ ಬುಕ್ ಮಾಡಿ, ಮುಂದಿನ ವರ್ಷ ಈ ರೇಟು ಸಿಗಲ್ಲ” ಎಂದರು ಸೇಲ್ಸ್‌ನವರು. ಮುನಿರಾಜಣ್ಣ ಸಿಮೆಂಟಿನ ಧೂಳಿನಲ್ಲಿ ನಿಂತು ತುಂಬ ಹೊತ್ತು ವಾದ ಮಾಡಿದರು. “ಈ ಜಾಗಕ್ಕೆ ಇಷ್ಟೊಂದಾ? ಕಮ್ಮಿ ಮಾಡ್ರೀ!” ತಮ್ಮ ಕಣದ ಬೆಲೆಯನ್ನೇ ಅವರು ನನಗೋಸ್ಕರ ಇಳಿಸುತ್ತಿದ್ದರು. ಕೊನೆಗೆ ಸ್ವಲ್ಪ ಇಳಿಸಿಯೂ ಬಿಟ್ಟರು.

ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ: “ಇನ್ನೂ ಸ್ವಲ್ಪ ದಿನ ಕಾದ್ರೆ ರೇಟು ಬೀಳುತ್ತಾ ಅಣ್ಣಾ?”

“ಯಾರಿಗ್ ಗೊತ್ತಕ್ಕಾ? ಇನ್ಮೇಲೆ ಏರಲ್ಲ ಅಂತಾನೇ ನಮ್ಮಪ್ಪ ಇದನ್ನ ಮಾರಿದ್ದು” ಎಂದು ನಕ್ಕು, ಕಾಲು ಒರೆಸಿಕೊಂಡು ಚಪ್ಪಲಿ ಮೆಟ್ಟಿದರು.

ನಾಳೆ ಅಡ್ವಾನ್ಸ್ ಕೊಡುತ್ತೇನೆ. ಗೃಹಪ್ರವೇಶವಂತೂ ಪುರೋಹಿತರಿಲ್ಲದೆ ಇವತ್ತೇ ಆಗಿಹೋಯಿತು.