ಏಳು ಮನೆಗೆ ಒಂದೇ ಸೂರು

ಮೊನ್ನೆ ಊಟಿ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಬಸ್ಸು ನಿಂತಿತು. ಕಿಟಕಿಯಿಂದ ನುಗ್ಗಿದ ಬಿಸಿ ಡಾಂಬರಿನ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಹಳೆಯ ಗೋಣಿಚೀಲವನ್ನು ಉದ್ದುದ್ದ ಹರಿದು, ಡಾಂಬರಿನಲ್ಲಿ ಅದ್ದಿ, ಹೆಂಚಿಗೂ ಗೋಡೆಗೂ ನಡುವಿನ ಸಂದಿಗೆ ಬೆರಳಿನಿಂದಲೇ ಒತ್ತುತ್ತಿದ್ದ ಒಬ್ಬರು ನೆನಪಾದರು. ಅವರ ಹೆಬ್ಬೆರಳಿನ ಉಗುರು ಸದಾ ಕಪ್ಪು... ಇಳಿಯಬೇಕಾದ ಜಾಗ ದಾಟಿ ಹೋದದ್ದು ಕಂಡಕ್ಟರ್ ಕೇಳಿದ ಮೇಲೆ ಗೊತ್ತಾಯಿತು.

ನಾವು ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಗೂಡಲೂರು ಕಡೆಯವರು. ಮಾತಿನಲ್ಲಿ ಕನ್ನಡ, ತಮಿಳು, ಮಲಯಾಳ ಮೂರೂ ಬೆರೆತಿರುತ್ತಿದ್ದವು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನನ್ನ ಮಗಳ ಮದುವೆ ಗೊತ್ತಾಗಿತ್ತು. ನೆಂಟರು ಬರುವ ಮುಂಚೆ ಮನೆಯ ಮೇಲಿನ ಹೆಂಚು ಬದಲಾಯಿಸಬೇಕೆಂದು ಅವರಿಗೆ ಹೇಳಿ ಕಳಿಸಿದ್ದೆ.

ನಮ್ಮ ಹಟ್ಟಿಯಲ್ಲಿ ಮನೆಗಳು ಸಾಲಾಗಿವೆ. ಇಬ್ಬರ ನಡುವೆ ಒಂದೇ ಗೋಡೆ, ಏಳು ಮನೆಗಳ ಮೇಲೂ ಉದ್ದಕ್ಕೆ ಒಂದೇ ಹೆಂಚಿನ ಸೂರು. ಮೇಸ್ತ್ರಿ ಫೆಬ್ರವರಿಯ ಬಿಸಿಲಿನಲ್ಲಿ ಬಂದು, ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ, ಟೀ ಕುಡಿದು ಎದ್ದರು.

"ಎಷ್ಟು ಹೆಂಚು ಬೇಕಾಗುತ್ತೆ ಮೇಸ್ತ್ರಿ?" ಎಂದೆ.

"ಬಿಸಿಲಲ್ಲಿ ಎಲ್ಲ ಸೂರೂ ಚೆಂದವೇ ಗೌಡ್ರೆ. ಮಳೆ ಬರಲಿ, ಆಮೇಲೆ ಹೇಳ್ತೀನಿ."

ಮಳೆ ಬಂದ ಮೇಲೆ ಹೆಂಚು ಬಿಚ್ಚುವ ಹುಚ್ಚು ಯಾರಿಗಿದೆ ಎಂದು ನಾನು ನಕ್ಕೆ. ಆದರೆ ಏಪ್ರಿಲ್‌ನಲ್ಲಿ ಮೊದಲ ಜೋರು ಮಳೆ ಬಿದ್ದ ಮಧ್ಯಾಹ್ನ ಅವರು ನೆನೆದುಕೊಂಡೇ ಬಾಗಿಲಿಗೆ ಬಂದರು. ನೇರವಾಗಿ ಅಟ್ಟ ಹತ್ತಿ ಒಂದು ಗಂಟೆ ಕತ್ತಲಲ್ಲಿ ಕುಳಿತರು. ಹನಿ ಬೀಳುವ ಸದ್ದು ಕೇಳಿಸಿಕೊಂಡು, ಕೈಯಿಂದ ತಡವಿ, ಸೀಮೆಸುಣ್ಣದಿಂದ ಗುರುತು ಹಾಕಿದರು. ಆಮೇಲೆ ಎರಡೂ ಪಕ್ಕದ ಮನೆಗಳ ಅಟ್ಟ ಹತ್ತಿದರು. ಬಲಗಡೆ ಮನೆಯಲ್ಲಿ ನಮ್ಮ ದೊಡ್ಡವ್ವ ಒಬ್ಬಳೇ ಇದ್ದಳು. "ನನ್ನ ಗಂಡ ಹೋದ ಮೇಲೆ ಈ ಅಟ್ಟ ಹತ್ತಿದ ಗಂಡಸು ನೀನೊಬ್ಬನೇ ನೋಡಪ್ಪ" ಎಂದು ಅವಳು ಕೂಗಿದ್ದಕ್ಕೆ ಮೇಲಿನಿಂದಲೇ ಅವರ ನಗು ಕೇಳಿಸಿತು.

ಇಳಿದು ಬಂದಾಗ ಅಂಗಿಯೆಲ್ಲ ಹೊಗೆಮಸಿ. "ಎಲ್ಲ ಬದಲಾಯಿಸೋದು ಬೇಡ ಗೌಡ್ರೆ. ನಲವತ್ತು ಹೆಂಚು, ಅದರ ಕೆಳಗಿನ ಎರಡು ರೀಪು ಪಟ್ಟಿ ಸಾಕು. ಉಳಿದದ್ದು ನಿಮ್ಮಪ್ಪನ ಕಾಲದ ಮರ, ನಮಗಿಂತ ಗಟ್ಟಿ. ಒಂದು ಮಾತು ಮಾತ್ರ... ಮನೆ ನಿಮ್ಮದು, ಸೂರು ಏಳು ಮನೆಯದು. ತುದಿಯ ನೆತ್ತಿ ಸಾಲಿನ ಹೆಂಚನ್ನು ಯಾರೂ ಮುಟ್ಟಬಾರದು."

ನನ್ನ ತಿಳಿವಳಿಕೆಯಲ್ಲಿ, ಬೇಡದ ಕೆಲಸವನ್ನು ಬೇಡ ಎಂದು ಹೇಳಿದ ಕಂಟ್ರಾಕ್ಟರು ಅವರೊಬ್ಬರೇ. ಮೇ ತಿಂಗಳಲ್ಲಿ ಬಂದು ಮೂರೇ ದಿನದಲ್ಲಿ ಮುಗಿಸಿದರು. ಹೆಂಚನ್ನು ಬೆರಳಿನಿಂದ ತಟ್ಟಿ, ಸದ್ದು ಸರಿ ಬಂದರೆ ಮಾತ್ರ ಮೇಲಕ್ಕೆ ಏರಿಸುತ್ತಿದ್ದರು. ಅವರ ಕೆಲಸ ನೋಡಿ, ಮಳೆಗಾಲ ಮುಗಿದ ಮೇಲೆ ಉಳಿದ ಮನೆಗಳನ್ನೂ ಅವರಿಗೇ ಕೊಡುವುದೆಂದು ಹಟ್ಟಿಯವರು ಮಾತಾಡಿಕೊಂಡರು.

ಹೋಗುವ ದಿನ ನಾನು ಅವರಿಗೆ ಇನ್ನೊಂದು ಕೆಲಸ ಹೇಳಿದೆ. ಟಿವಿಯ ಡಿಶ್ಶನ್ನು ಸೂರಿನ ನೆತ್ತಿಯಲ್ಲಿ ನಿಲ್ಲಿಸಿಕೊಡಿ ಎಂದೆ. "ಹಿತ್ತಿಲಲ್ಲಿ ಕಂಬ ನೆಡಿ ಗೌಡ್ರೆ, ಅಲ್ಲೂ ಅದೇ ಚಿತ್ರ ಬರುತ್ತೆ" ಎಂದರು. ಚಿತ್ರ ಬರುತ್ತದೆಂದು ನನಗೂ ಗೊತ್ತಿತ್ತು. ಆದರೆ ಹಿತ್ತಿಲಲ್ಲಿ ನಿಲ್ಲಿಸಿದರೆ ಹಟ್ಟಿಯ ಬಯಲಿನಲ್ಲಿ ನಿಂತವರಿಗೆ, ಮದುವೆಗೆ ಬರುವ ಬೀಗರಿಗೆ, ಅದು ಕಾಣುವುದಿಲ್ಲವಲ್ಲ... ಅವರು ಹೋದ ವಾರಕ್ಕೆ ನಾನೇ ಏಣಿ ಹಾಕಿ ಹತ್ತಿದೆ. ನೆತ್ತಿಯ ಎರಡು ಹೆಂಚು ಎಬ್ಬಿಸಿ, ಕಬ್ಬಿಣದ ಕಾಲು ಇಳಿಸಿ ಬೋಲ್ಟು ಬಿಗಿದೆ. ಇಳಿಯುವಾಗ ಕಾಲ ಕೆಳಗೆ ಏನೋ ಚಟ್ ಎಂದಿತು. ಯಾರೂ ನೋಡಲಿಲ್ಲವೆಂದು ಸುಮ್ಮನಾದೆ.

ಜುಲೈ ಮಳೆ ನನ್ನ ಮನೆಗೆ ಒಂದು ಹನಿಯನ್ನೂ ಇಳಿಸಲಿಲ್ಲ. ನೆತ್ತಿಯಿಂದ ಇಳಿದ ನೀರು ತೊಲೆ ಹಿಡಿದು ಹರಿದು ದೊಡ್ಡವ್ವನ ಕಡೆ ಇಳಿಯಿತು. ಅವಳ ಒಲೆಯ ಹಿಂದಿನ ಮಣ್ಣಿನ ಗೋಡೆ ನೆನೆದು ಉಬ್ಬಿ, ಒಂದು ಬೆಳಿಗ್ಗೆ ಅರ್ಧ ಕುಸಿಯಿತು. ಕಾರಣ ಹುಡುಕಿದವರ ಕಣ್ಣು ನೆತ್ತಿಯ ಡಿಶ್ಶಿನ ಮೇಲೆ ಬಿತ್ತು. ಹಿರಿಯರು ಕೇಳಿದರು, "ಅದನ್ನ ಮೇಲೆ ಕೂರಿಸಿದ್ದು ಯಾರು?"

"ಮೇಸ್ತ್ರಿ" ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು. ತಿದ್ದಿಕೊಳ್ಳಲು ಆಮೇಲೆ ಇಡೀ ಎರಡು ದಿನ ಸಮಯವಿತ್ತು, ತಿದ್ದಿಕೊಳ್ಳಲಿಲ್ಲ.

ಕರೆ ಹೋದ ಮೂರನೆಯ ದಿನ ಮೇಸ್ತ್ರಿ ಮೊದಲ ಬಸ್ಸಿಗೇ ಬಂದರು. ಬಯಲಿನಲ್ಲಿ ಜನ ಸೇರಿತ್ತು. "ಸೋರೋದು ನೋಡೋಕೆ ಬಂದೋನು ಸೋರಿಸಿ ಹೋದ" ಎಂದು ದೊಡ್ಡವ್ವ ಎಲ್ಲರೆದುರು ಅಂದಳು. ಮೇಸ್ತ್ರಿ ನೇರವಾಗಿ ಏಣಿ ಹತ್ತಿದರು. ಬೋಲ್ಟು, ಸೀಳಿದ ಹೆಂಚು, ಪಾಚಿಯ ಮೇಲೆ ಜಾರಿದ ನನ್ನ ಕಾಲಿನ ಗೆರೆ, ಎಲ್ಲ ಅವರಿಗೆ ಕಂಡಿರಲೇಬೇಕು. ಇಳಿದು ಬಂದು ನನ್ನನ್ನೊಮ್ಮೆ ನೋಡಿದರು.

"ನಿನ್ನ ಕೆಲಸವೇನಪ್ಪ ಇದು?" ಎಂದರು ಹಿರಿಯರು.

"ನಾನು ಕೈ ಹಾಕಿದ ಸೂರು. ನಾನೇ ಸರಿ ಮಾಡ್ತೀನಿ."

ನಾಲ್ಕು ದಿನ ಮಳೆಯಲ್ಲೇ ದುಡಿದರು. ನೆತ್ತಿಯ ಹೆಂಚು ಕೂರಿಸಿ, ದೊಡ್ಡವ್ವನ ಗೋಡೆ ಕಟ್ಟಿ, ಡಿಶ್ಶನ್ನು ಇಳಿಸಿ ಹಿತ್ತಿಲಲ್ಲಿ ಕಂಬಕ್ಕೆ ಹಾಕಿಕೊಟ್ಟರು. ಕೊನೆಯ ಸಂಜೆ ಹಿತ್ತಿಲಲ್ಲಿ ನಾವಿಬ್ಬರೇ ಇದ್ದಾಗ ನನಗೆ ತಡೆಯಲಾಗಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾನು ಈಗ ಬಸ್ ಹತ್ತಿ ಹೋಗ್ತೀನಿ ಗೌಡ್ರೆ. ನೀವು ಇವರ ಜೊತೆ ಒಂದೇ ಗೋಡೆ ಹಂಚ್ಕೊಂಡು ಬದುಕಬೇಕು. ಮಗಳ ಮದುವೆ ಬೇರೆ ಇದೆ" ಎಂದು ಕೈ ತೊಳೆದುಕೊಂಡರು.

ಆಮೇಲೆ ನಮ್ಮ ಹಟ್ಟಿಯಿಂದ ಅವರನ್ನು ಯಾರೂ ಕರೆಯಲಿಲ್ಲ. ಸುತ್ತಲಿನ ಹಟ್ಟಿಗಳಿಗೂ ಮಾತು ಹೋಯಿತು. ಮಗಳ ಮದುವೆ ಚೆನ್ನಾಗಿಯೇ ನಡೆಯಿತು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ವರ್ಷಗಳು ಹೋದವು. ದೊಡ್ಡವ್ವ ತೀರಿಕೊಂಡಳು. ಕೊನೆಗೆ ಹೋದ ವರ್ಷ ಗೂಡಲೂರಿಗೆ ಹೋಗಿ ಮನೆ ಹುಡುಕಿದೆ. ಬಾಗಿಲು ತೆರೆದ ಅವರ ಹೆಂಡತಿ, ಮೇಸ್ತ್ರಿ ತೀರಿಕೊಂಡು ಆರು ವರ್ಷವಾಯಿತೆಂದರು. ನಮ್ಮ ಹಟ್ಟಿಯ ಹೆಸರು ಹೇಳಿದೆ. "ಅಲ್ಲಿಯ ಮರ ಒಳ್ಳೇ ಮರ ಅಂತ ಹೇಳ್ತಿದ್ರು" ಎಂದು ಟೀ ಕೊಟ್ಟರು. ನಡೆದದ್ದನ್ನು ಮೇಸ್ತ್ರಿ ಮನೆಯಲ್ಲೂ ಹೇಳಿರಲಿಲ್ಲ. ನಾನೇ ಹೇಳಿದೆ. ಅವರು ಲೋಟ ತೆಗೆದುಕೊಂಡು ಒಳಗೆ ಹೋದರು...

ಈ ವಾರ ಏಳೂ ಮನೆಗಳ ಸೂರು ಹೊಸದಾಗಿ ಹಾಕಿಸುವುದೆಂದು ಬಯಲಿನಲ್ಲಿ ಕೂಟ ಸೇರಿತ್ತು. ಯಾರಿಗೆ ಕೊಡುವುದು ಎಂಬ ಮಾತು ಬಂತು. ಒಬ್ಬನ ಬಣ್ಣದ ಶೀಟು ಚೆಂದ, ಇನ್ನೊಬ್ಬ ಹದಿನೈದು ದಿನದಲ್ಲಿ ಮುಗಿಸುತ್ತಾನಂತೆ. ನಾನು ಎದ್ದು ನಿಂತೆ. ಮಳೆಯಲ್ಲಿ ಬಂದು ಅಟ್ಟ ಹತ್ತುವವನಿಗೆ ಕೊಡಿ, ಪಕ್ಕದ ಮನೆಯನ್ನೂ ನೋಡುವವನಿಗೆ ಕೊಡಿ ಎಂದು, ಮೇಸ್ತ್ರಿಯ ಕೆಲಸವನ್ನು ವಿವರಿಸಿದೆ. ಹೊಸಬರಿಗೆ ಅವರು ಯಾರೆಂದೇ ಗೊತ್ತಿಲ್ಲ. ಎಡಗಡೆ ಮನೆಯ ಮಾಮನಿಗೆ ಮಾತ್ರ ನೆನಪಿತ್ತು. ತೊಂಬತ್ತು ಹತ್ತಿರವಾಗಿದೆ, ಕಿವಿ ಸರಿಯಾಗಿ ಕೇಳುವುದಿಲ್ಲ.

"ಯಾರು, ಆ ಸೋರಿಸಿ ಹೋದ ಮೇಸ್ತ್ರಿಯಾ?" ಎಂದರು.

"ಸೋರಿಸಿದ್ದು ಅವರಲ್ಲ ಮಾಮ, ನಾನು" ಎಂದೆ.

"ಏನಂದೆ?"

ಅವರ ಹತ್ತಿರ ಹೋಗಿ ಬಗ್ಗಿ, ಬಯಲಿಗೆಲ್ಲ ಕೇಳುವಂತೆ ಕೂಗಿದೆ. "ನಾನು ಮಾಮ! ಬೋಲ್ಟು ಹಾಕಿದ್ದು ನಾನು! ಸುಳ್ಳು ಹೇಳಿದ್ದು ನಾನು!"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಹಾಗಾದರೆ ಆ ಮನುಷ್ಯನನ್ನೇ ಕರೆಸೋ" ಎಂದರು.