ರೈಟಣ್ಣ ಲಾಂಚ್ ಹತ್ತಿದ್ದು

ರೈಟಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಪಿಂಚಣಿ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮೂವತ್ತೊಂದು ವರ್ಷ ನಗರ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಅವರು. ಸ್ಟಾಪು ಸ್ಟಾಪಿಗೂ ಬಾಗಿಲಲ್ಲಿ ನಿಂತು, ಬಸ್ಸಿನ ತಗಡಿಗೆ ಎರಡು ಸಲ ಬಡಿದು, 'ರೈಟ್' ಎಂದು ಕೂಗಿ ಕೂಗಿ ಆ ಮಾತೇ ಅವರಿಗೆ ಹೆಸರಾಗಿ ಅಂಟಿಕೊಂಡಿತ್ತು. ಒಂದು ಬಡಿತ ಅಂದರೆ ನಿಲ್ಲಿಸು, ಎರಡು ಬಡಿತ ಅಂದರೆ ಹೊರಡು. ಈ ಎರಡು ಅಪ್ಪಣೆಗಳನ್ನು ಬಿಟ್ಟರೆ ಅವರ ಮಾತನ್ನು ಯಾರೂ, ಅದರಲ್ಲೂ ಹೆಂಡತಿ, ಕೇಳಿದ್ದಿಲ್ಲ ಅನ್ನುವುದು ಬೇರೆ ವಿಷಯ.

ಅವರ ಬಸ್ಸು ಹೊರಡುತ್ತಿದ್ದದ್ದು ಹಳೇ ಮಾರ್ಕೆಟ್ಟಿನಿಂದ, ಮುಗಿಯುತ್ತಿದ್ದದ್ದು ಸಮುದ್ರದ ಕಟ್ಟೆಯಲ್ಲಿ. ಅಲ್ಲಿಂದ ಮುಂದಕ್ಕೆ ಲಾಂಚು. ಲಾಂಚಿನಲ್ಲಿ ಮುಕ್ಕಾಲು ಗಂಟೆ ಹೋದರೆ ದ್ವೀಪ. ಕಟ್ಟೆಯಲ್ಲಿ ನಿಂತರೆ ದ್ವೀಪ ಕಣ್ಣಿಗೆ ಕಾಣುತ್ತಿತ್ತು: ಉದ್ದಕ್ಕೆ ತೆಂಗಿನ ತಲೆಗಳು, ನಡುವೆ ಒಂದು ಬಿಳಿ ಕಟ್ಟಡ. ಆ ಬಿಳಿ ಕಟ್ಟಡ ಆಸ್ಪತ್ರೆ, ಅಲ್ಲಿ ನರ್ಸಾಗಿದ್ದವಳು ರೈಟಣ್ಣನ ಒಬ್ಬಳೇ ಮಗಳು. ಆರು ವರ್ಷ, ದಿನಕ್ಕೆ ನಾಲ್ಕು ಟ್ರಿಪ್ಪಿನಂತೆ ರೈಟಣ್ಣ ಆ ಕಟ್ಟೆಗೆ ಬಂದಿದ್ದರು. ಬಸ್ಸು ಅಲ್ಲಿ ನಿಲ್ಲುವ ಹನ್ನೆರಡು ನಿಮಿಷ ಅತ್ತ ನೋಡುತ್ತಾ ಟೀ ಕುಡಿದು, ಗಾಡಿ ತಿರುಗಿದ ಮೇಲೆ ಅದರಲ್ಲೇ ವಾಪಸು ಹೋಗುತ್ತಿದ್ದರು. ಒಂದೇ ಒಂದು ಸಲವೂ ಲಾಂಚು ಹತ್ತಿರಲಿಲ್ಲ.

ಯಾಕೆ ಹತ್ತಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಹಾಗೆ ಗೊತ್ತಿದ್ದದ್ದು ಪೂರ್ತಿ ತಪ್ಪಾಗಿತ್ತು. ಮಗಳು ದ್ವೀಪದ ಒಬ್ಬ ಮೆಕ್ಯಾನಿಕ್ಕನ್ನು, ಲಾಂಚಿನ ಇಂಜಿನ್ ಬಿಚ್ಚಿ ಜೋಡಿಸುವವನನ್ನು, ಮೆಚ್ಚಿಕೊಂಡಾಗ ರೈಟಣ್ಣ ಊಟದ ತಟ್ಟೆ ತಳ್ಳಿ ಎದ್ದಿದ್ದರು. "ಸುತ್ತ ನೀರಿರೋ ಕಡೆ ನನ್ನ ಮಗಳನ್ನ ಕೊಡಲ್ಲ" ಅಂದಿದ್ದರು. ಆಮೇಲೆ ಮೆತ್ತಗಾಗಿ ಮದುವೆಗೇನೋ ಬಂದರು, ರಿಜಿಸ್ಟ್ರಾರ್ ಆಫೀಸಿನ ಬೆಂಚಿನಲ್ಲಿ ಕೂತು ರುಜುವನ್ನೂ ಹಾಕಿದರು. ಆದರೆ ಆಡಿದ ಮಾತು ಆಡಿಯಾಗಿತ್ತು. ಗ್ರೀಸು ಮೆತ್ತಿದ ಕೈಯ ಅಳಿಯ ಮಾವನಿಗೆ ಹಿಡಿಸಲಿಲ್ಲ ಎಂದು ಹೆಂಡತಿ, ಮಗಳು, ಅಳಿಯ ಮೂವರೂ ತೀರ್ಮಾನಿಸಿಬಿಟ್ಟರು. ಮಗಳು ತವರಿಗೆ ಬಂದಾಗೆಲ್ಲ ಅಳಿಯ ಗೇಟಿನ ತನಕ ಬಂದು, ಚೀಲ ಇಳಿಸಿ, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದ. ಒಳಗೆ ಬಾ ಅನ್ನಲು ರೈಟಣ್ಣ ಪ್ರತಿ ಸಲವೂ ಬಾಯಿ ತೆರೆಯುವಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿರುತ್ತಿದ್ದ.

ನಿಜ ಸಂಗತಿ ಅಂದರೆ, ರೈಟಣ್ಣನಿಗೆ ನೀರು ಕಂಡರೆ ಜೀವಭಯ. ಎಂಟು ವರ್ಷದವರಿದ್ದಾಗ ಕೆರೆಯಲ್ಲಿ ಮುಳುಗಿ, ಯಾರೋ ಜುಟ್ಟು ಹಿಡಿದು ಎಳೆದು ಹಾಕಿದ್ದರು. ಅಂದಿನಿಂದ ಬಕೆಟ್ಟಿನ ನೀರಿಗಿಂತ ಹೆಚ್ಚಿನ ನೀರಿನ ಸಹವಾಸ ಅವರು ಮಾಡಿದವರಲ್ಲ. ಇದನ್ನು ಹೇಳಿಕೊಳ್ಳುವುದಾದರೂ ಹೇಗೆ? ಕುಡುಕರನ್ನು ಕುತ್ತಿಗೆ ಹಿಡಿದು ಇಳಿಸಿದ ಮನುಷ್ಯ, ಎಂಬತ್ತು ಜನ ತುಂಬಿದ ಬಸ್ಸನ್ನು ಒಂದೇ ಗದರಿಕೆಯಲ್ಲಿ ಸುಮ್ಮನಾಗಿಸಿದ ಮನುಷ್ಯ. ಅಂಥವರು ಹೋಗಿ "ನಂಗೆ ನೀರು ಕಂಡ್ರೆ ಹೆದರಿಕೆ" ಅನ್ನಬೇಕೆ? ಅದಕ್ಕಿಂತ ಸಿಟ್ಟಿನವನು ಅನ್ನಿಸಿಕೊಳ್ಳುವುದೇ ಮೇಲು ಎಂದು ಮೊದಮೊದಲು ಅನ್ನಿಸಿತು. ಆಮೇಲೆ ಬಾಯಿ ಬಿಡುವ ಕಾಲ ಮೀರಿ ಹೋಯಿತು. ಡ್ಯೂಟಿ, ಓಟಿ, ಬೆನ್ನುನೋವು, ಮೇಲಧಿಕಾರಿಯ ತಪಾಸಣೆ ಎಂದು ನೆಪಗಳ ಮೇಲೆ ನೆಪ ಹೂಡುತ್ತಾ ಆರು ವರ್ಷ ತಳ್ಳಿದರು.

ನಿವೃತ್ತಿಯಾದ ಮೇಲೆ ನೆಪಗಳೆಲ್ಲ ಮುಗಿದವು. ಮಗಳಿಗೆ ಹೆಣ್ಣು ಮಗು ಹುಟ್ಟಿ ಐದು ತಿಂಗಳಾಗಿತ್ತು. ಬಾಣಂತನಕ್ಕೆ ತಾಯಿಯೇ ಹೋಗಿದ್ದು ಬಂದಿದ್ದರಿಂದ ರೈಟಣ್ಣ ಮೊಮ್ಮಗಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಹೋದ ವಾರ ಮಗಳು ತಾಯಿಯ ಹತ್ತಿರ ಹೇಳಿದ್ದನ್ನು ತಾಯಿ ಒಂದಕ್ಷರ ಬಿಡದೆ ಗಂಡನಿಗೆ ಒಪ್ಪಿಸಿದರು: "ಈ ಸಲವೂ ಅಪ್ಪ ಬರ್ಲಿಲ್ಲ ಅಂದ್ರೆ ನಾನು ಇನ್ಮೇಲೆ ಕರೆಯಲ್ಲಮ್ಮ. ನಾನೂ ಆ ಕಡೆ ಬರಲ್ಲ. ಕರೆದು ಕರೆದು ಸಾಕಾಯ್ತು." ರೈಟಣ್ಣ ಆ ದಿನ ಊಟ ಬಿಟ್ಟರು. ಮರುದಿನ ಬೆಳಿಗ್ಗೆ, "ಭಾನುವಾರ ಹೊರಡೋಣ" ಅಂದರು. ಹೆಂಡತಿ ನಂಬಲಿಲ್ಲ, ಆದರೂ ಚೀಲ ತುಂಬಿದರು.

ಭಾನುವಾರ ಅದೇ ಬಸ್ಸು, ಅದೇ ದಾರಿ. ರೈಟಣ್ಣನಿಗೆ ಸೀಟಿನಲ್ಲಿ ಕೂತು ಅಭ್ಯಾಸವಿಲ್ಲ. ಎರಡು ಸಲ ಎದ್ದರು. ಹೆಂಡತಿ ಎರಡು ಸಲ ಅಂಗಿ ಹಿಡಿದು ಕೂರಿಸಿದರು.

"ರೀ, ಸುಮ್ನೆ ಕೂತ್ಕೊಳ್ಳಿ. ನೀವು ಎದ್ದಾಗೆಲ್ಲ ಆ ಕಂಡಕ್ಟರು ಟಿಕೆಟ್ ಮಷಿನ್ನು ಬಚ್ಚಿಟ್ಕೊಳ್ತಿದಾನೆ. ಚೆಕಿಂಗ್‌ನೋರು ಅಂದ್ಕೊಂಡಿರ್ಬೇಕು."

"ಅವ್ನು ಐಸ್ ಫ್ಯಾಕ್ಟರಿ ಸ್ಟಾಪ್ ಕೂಗ್ಲೇ ಇಲ್ಲ ನೋಡು."

"ಇಳಿಯೋರು ಇಳಿದ್ರು ಬಿಡಿ. ನಿಮ್ಮ ಪಾಡಿಗೆ ನೀವಿರಿ."

ತಮ್ಮ ಪಾಡಿಗಿರುವುದೇ ಅಂದು ಅವರಿಗೆ ಕಷ್ಟವಾಗಿತ್ತು. ಐಸ್ ಫ್ಯಾಕ್ಟರಿ ದಾಟಿದ ಮೇಲೆ ಬರುವುದು ಉಪ್ಪಿನ ಗೋದಾಮು, ಆಮೇಲೆ ಸುಂಕದ ಕಚೇರಿ, ಆಮೇಲೆ ಕಟ್ಟೆ. ಒಂದೊಂದು ಸ್ಟಾಪು ಹಿಂದೆ ಸರಿದಂತೆ ಅವರ ಅಂಗೈ ಬೆವರಿತು. ಕಟ್ಟೆಯಲ್ಲಿ ಇಳಿದು, ಹೆಂಡತಿಯ ಹಿಂದೆ ಮೆಟ್ಟಿಲು ಹತ್ತಿ, ಲಾಂಚಿನ ಬೆಂಚಿನಲ್ಲಿ ಕೂತದ್ದು ಹೇಗೋ ಅವರಿಗೇ ತಿಳಿಯಲಿಲ್ಲ. ಕೂತ ಮೇಲೆ ಲಾಂಚು ಒಂಚೂರು ಅಲುಗಿತು. ರೈಟಣ್ಣನ ಜೀವ ಬಾಯಿಗೆ ಬಂತು. ಇನ್ನು ಒಂದು ನಿಮಿಷವೂ ಸಾಧ್ಯವಿಲ್ಲ ಅನ್ನಿಸಿದ್ದೇ, ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಗೆ ಒಂದು ಶುದ್ಧ ಸುಳ್ಳು ಹೇಳಿದರು.

"ಲೇ, ನನ್ನ ಕನ್ನಡಕ ಬಸ್ಸಲ್ಲೇ ಬಿಟ್ಟೆ ಅನ್ಸತ್ತೆ. ಒಂಚೂರು ನೋಡ್ಕೊಂಡು ಬರ್ತೀಯಾ? ನಂಗೆ ಮಂಡಿ ನೋವು."

ಕನ್ನಡಕ ಒಳಜೇಬಿನಲ್ಲಿ ಬೆಚ್ಚಗಿತ್ತು. ಹೆಂಡತಿ ಗೊಣಗುತ್ತಾ, ಮಗುವಿನ ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡೇ ಇಳಿದು ಬಸ್ಸಿನ ಕಡೆ ನಡೆದರು. ರೈಟಣ್ಣನ ಲೆಕ್ಕಾಚಾರ ಇಷ್ಟೇ: ಈಗ ಮೆಲ್ಲಗೆ ತಾವೂ ಇಳಿದುಬಿಡುವುದು, ಲಾಂಚು ತಪ್ಪಿಹೋಯಿತು ಅನ್ನುವುದು, ಅಷ್ಟರಲ್ಲಿ ತಲೆಸುತ್ತು ಬಂದಂತೆ ಮಾಡಿ ಮನೆಗೆ ಹೊರಡುವುದು. ಮಗಳ ಮಾತು ನೆನಪಾಗದೆ ಇರಲಿಲ್ಲ. ಆದರೆ ಕಾಲುಗಳು ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ, ಎದ್ದು ಹಿಂಬಾಗಿಲಿನತ್ತ ಹೊರಟಿದ್ದವು.

ಹಿಂಬಾಗಿಲಲ್ಲಿ ಜನ ಇನ್ನೂ ಹತ್ತುತ್ತಿದ್ದರು. ಲಾಂಚಿನ ಹಗ್ಗ ನೋಡಿಕೊಳ್ಳುವವನು ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು, ಕಟ್ಟೆಯ ಮೇಲಿದ್ದ ಯಾರೊಂದಿಗೋ ಹರಟುತ್ತಿದ್ದ. ಇಂಜಿನ್ ಗುರುಗುಡುತ್ತಿತ್ತು. ಇಳಿಯಬೇಕೆಂದರೆ ಹತ್ತುವವರು ಮುಗಿಯಬೇಕು, ಆದ್ದರಿಂದ ರೈಟಣ್ಣ ಬಾಗಿಲ ಪಕ್ಕ ಒರಗಿ ನಿಂತರು. ನಿಂತದ್ದೇ ತಪ್ಪಾಯಿತು. "ಒಳಗೆ ಹೋಗಿ, ಒಳಗೆ ಜಾಗ ಇದೆ" ಎಂದು ಬಾಯಿ ತಾನಾಗಿ ಅಂದಿತು. ಒಬ್ಬ ಮುದುಕನ ಬುಟ್ಟಿಗೆ ಕೈ ಕೊಟ್ಟರು. ಕೊನೆಯಲ್ಲಿ ನೋಟ್‌ಬುಕ್ಕುಗಳ ಕಟ್ಟು ಹೊತ್ತ ಟೀಚರಮ್ಮ ಒಬ್ಬರು ಹತ್ತಿದರು. ಮೆಟ್ಟಿಲು ಖಾಲಿಯಾಯಿತು. ಹಿಂದೆ ಯಾರೂ ಓಡಿ ಬರುತ್ತಿಲ್ಲ ಎಂದು ಕಣ್ಣು ನೋಡಿಕೊಂಡಿತು. ರೈಟಣ್ಣನ ಕೈ ಮೇಲೆದ್ದು ಲಾಂಚಿನ ತಗಡಿಗೆ ಎರಡು ಸಲ ಬಡಿಯಿತು.

"ರೈಟ್!"

ಮುಂದಿನ ಗೂಡಿನಲ್ಲಿ ಕೂತ ಲಾಂಚಿನ ಚಾಲಕನಿಗೆ ಹಿಂದೆ ಏನಾಗುತ್ತದೆ ಕಾಣುವುದಿಲ್ಲ. ಅವನಿಗೂ ಎರಡು ಬಡಿತ ಅಂದರೆ ಹೊರಡು. ಹೊರಟೇಬಿಟ್ಟ. ಹಗ್ಗದವನು ಹರಟೆ ಅರ್ಧಕ್ಕೇ ಬಿಟ್ಟು ಹಾರಿ ಒಳಗೆ ಬಿದ್ದ. ರೈಟಣ್ಣ ನೋಡುತ್ತಿದ್ದಂತೆ ಕಟ್ಟೆಗೂ ಲಾಂಚಿಗೂ ನಡುವೆ ಮೊಳದಷ್ಟು, ಆಮೇಲೆ ಮಾರುದ್ದ, ಆಮೇಲೆ ಬಸ್ಸಿನುದ್ದ ನೀರು ಬಂತು. ಕಟ್ಟೆಯ ಮೇಲೆ ಹೆಂಡತಿ ಹೆಗಲಿನ ಚೀಲದ ಸಮೇತ ಬಾಯಿ ತೆರೆದು ನಿಂತಿದ್ದರು. ಏನಾದರೂ ಹೇಳಲೇಬೇಕಲ್ಲ ಎಂದು ರೈಟಣ್ಣ, "ಮುಂದಿನದ್ರಲ್ಲಿ ಬಾ" ಎಂದು ಕೂಗಿದರು.

"ನಿಮಗ್ಯಾರ್ರೀ ಹೇಳಿದ್ದು ಬಡಿಯೋಕೆ?" ಹಗ್ಗದವನು ರೇಗಿದ.

ರೈಟಣ್ಣ ಕೈಕಾಲು ತಣ್ಣಗಾಗಿ, ನಡುವಿನ ಕಂಬವನ್ನು ಅಪ್ಪಿಕೊಂಡಿದ್ದರು. ಅವರ ಮುಖ ನೋಡಿ ಹಗ್ಗದವನು ಬೈಗುಳ ನುಂಗಿಕೊಂಡ. ಟೀಚರಮ್ಮ ಕಟ್ಟನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದರು.

"ಬನ್ನಿ, ಕೂತ್ಕೊಳ್ಳಿ. ಹುಷಾರಿಲ್ವಾ?"

ಗುರುತಿಲ್ಲದ ಹೆಂಗಸು, ಇಳಿದ ಮೇಲೆ ಮತ್ತೆ ಸಿಗುವವರೂ ಅಲ್ಲ. ಐವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಅವರ ಮುಂದೆ ಥಟ್ಟನೆ ಹೊರಗೆ ಬಂತು. "ನಂಗೆ ನೀರು ಕಂಡ್ರೆ ಹೆದರಿಕೆ, ತಾಯಿ."

ಟೀಚರಮ್ಮ ನಗಲಿಲ್ಲ. "ಹೊರಗೆ ನೋಡ್ಬೇಡಿ. ಏನಾದ್ರೂ ಬಾಯಿಪಾಠ ಬರತ್ತಾ? ಹೇಳ್ತಾ ಇರಿ. ನಮ್ಮ ಮಕ್ಕಳಿಗೆ ನಾನು ಮಗ್ಗಿ ಹೇಳಿಸ್ತೀನಿ."

ಮಗ್ಗಿ ರೈಟಣ್ಣನಿಗೆ ಹನ್ನೆರಡಕ್ಕೇ ನಿಂತಿತ್ತು. ಬಾಯಿಪಾಠ ಬರುತ್ತಿದ್ದದ್ದು ಒಂದೇ. ಕಣ್ಣು ಮುಚ್ಚಿ ಶುರು ಮಾಡಿದರು: ಹಳೇ ಮಾರ್ಕೆಟ್, ಕೋರ್ಟು, ಹೆರಿಗೆ ಆಸ್ಪತ್ರೆ, ಗಡಿಯಾರ ಕಂಬ, ಹೆಣ್ಮಕ್ಕಳ ಸ್ಕೂಲು. ಕಟ್ಟೆಯ ತನಕ ಹೋಗಿ ಬಸ್ಸು ತಿರುಗಿಸಿ ಮಾರ್ಕೆಟ್ಟಿಗೆ ವಾಪಸು ಬಂದರು. ಮತ್ತೊಂದು ಟ್ರಿಪ್ಪು ಹೊಡೆದರು. ಹೆಣ್ಮಕ್ಕಳ ಸ್ಕೂಲು ಬಿಟ್ಟು ಹೋದಾಗ ಎದುರಿನ ಬೆಂಚಿನ ಮುದುಕನೇ ನೆನಪಿಸಿದ. ಮೂರನೆಯ ಟ್ರಿಪ್ಪಿನಲ್ಲಿ ಉಪ್ಪಿನ ಗೋದಾಮಿನ ಹತ್ತಿರ ಬಂದಾಗ, ಉಸಿರು ಸರಾಗವಾಗಿ ಆಡುತ್ತಿದೆ ಎಂದು ಅವರಿಗೇ ಗೊತ್ತಾಯಿತು. ಕಣ್ಣು ಬಿಟ್ಟರು. ಬಿಳಿ ಕಟ್ಟಡ ಹತ್ತಿರದಲ್ಲೇ ಇತ್ತು. ಅದರ ಕಿಟಕಿಗಳಿಗೆ ನೀಲಿ ಬಣ್ಣ ಬಳಿದಿದ್ದಾರೆ ಎಂದು ಆರು ವರ್ಷದಲ್ಲಿ ಮೊದಲ ಸಲ ಕಂಡರು.

ನೆಲಕ್ಕೆ ಕಾಲಿಟ್ಟಾಗ ಹೋದ ಜೀವ ಬಂದಂತಾಯಿತು. ಬಿಸಿಲು, ತೆಂಗಿನ ನೆರಳು, ಒಣಹಾಕಿದ ಬಲೆಗಳು, ಎಲ್ಲವೂ ಹಿತವಾಗಿ ಕಂಡವು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಗಳು ಬರುತ್ತಿದ್ದಳು. ಮುಖ ಅರಳಿತ್ತು.

"ಅಮ್ಮ ಫೋನ್ ಮಾಡಿದ್ರು ಅಪ್ಪ. ಒಂದೇ ನಗು. ಮಗಳನ್ನ ನೋಡೋ ಅವಸರದಲ್ಲಿ ನನ್ನನ್ನೇ ಬಿಟ್ಟು ಲಾಂಚ್ ಹೊರಡಿಸಿಬಿಟ್ರು ಕಣೆ ಅಂದ್ರು. ಹೌದಾ?"

ರೈಟಣ್ಣ ಮೊಮ್ಮಗಳನ್ನು ಎತ್ತಿಕೊಂಡರು. ಅದು ಅವರ ಮೂಗನ್ನು ಹಿಡಿಯಿತು. ಹೌದು ಅಂದುಬಿಟ್ಟರೆ ಎಲ್ಲ ಚಂದವಾಗಿ ಮುಗಿಯುತ್ತಿತ್ತು. ಹೆಂಡತಿ ಊರ ತುಂಬ ಹೇಳಿಕೊಂಡು ಬರುತ್ತಿದ್ದರು, ಮಗಳು ಜೀವನಪೂರ್ತಿ ನೆನೆಸಿಕೊಳ್ಳುತ್ತಿದ್ದಳು. ಹೌದು ಎನ್ನುವ ಮಾತು ತುಟಿಯ ತನಕ ಬಂದಿತ್ತು ಕೂಡ. ಅಷ್ಟರಲ್ಲಿ ಮಗಳೇ ಮುಂದುವರಿಸಿದಳು.

"ಮೊದಲನೇ ವರ್ಷ ಪ್ರತಿ ಭಾನುವಾರ ಇಲ್ಲೇ ಬಂದು ನಿಂತಿರ್ತಿದ್ದೆ. ನಿಮ್ಮ ಬಸ್ಸು ಆ ಕಡೆ ಬಂದಿರೋದು ಗೊತ್ತಿರ್ತಿತ್ತು. ಎದುರುಗಡೆ ತನಕ ಬಂದು ವಾಪಸ್ ಹೋಗ್ತಾರಲ್ಲ, ಅಷ್ಟೊಂದು ಕೋಪಾನಾ ಅಂತ ಅಳ್ತಿದ್ದೆ. ಹೋಗ್ಲಿ ಬಿಡಿ. ಈಗ ಕೋಪ ಹೋಯ್ತಲ್ಲ."

"ಕೋಪ ಇರ್ಲೇ ಇಲ್ಲ ಕಣಮ್ಮ," ಅಂದರು ರೈಟಣ್ಣ. "ನಂಗೆ ನೀರು ಕಂಡ್ರೆ ಹೆದರಿಕೆ. ಚಿಕ್ಕಂದಿನಿಂದ. ನಿಮ್ಮಮ್ಮಂಗೂ ಗೊತ್ತಿಲ್ಲ. ಇವತ್ತೂ ಇಳಿದು ಓಡ್ಹೋಗೋಕೆ ಅಂತ್ಲೇ ಬಾಗಿಲಿಗೆ ಬಂದಿದ್ದೆ. ಅಭ್ಯಾಸಬಲ, ಕೈ ಬಡಿದುಬಿಡ್ತು."

ಮಗಳು ಕಟ್ಟೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ರೈಟಣ್ಣನಿಗೆ ಗೊತ್ತಾಗಲಿಲ್ಲ, ಎರಡೂ ಇತ್ತು.

"ಬರೀ ಭಯಾನಾ ಅಪ್ಪ?"

"ಬರೀ ಏನು ಬಂತು. ಜೀವ ಹೋಗ್ತಿತ್ತು."

"ಮೊದ್ಲೇ ಹೇಳೋಕೆ ಏನಾಗಿತ್ತು ನಿಮಗೆ?"

"ನಾಚಿಕೆ ಆಗ್ತಿತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಫೋನು ತೆಗೆದಳು. ಗಂಡ ಅಲ್ಲೇ ನೂರು ಹೆಜ್ಜೆ ದೂರದ ಶೆಡ್ಡಿನಲ್ಲಿದ್ದ. ಮಾವ ಬರುತ್ತಾರೆಂದು ತಿಳಿದು, ತಾನು ಎದುರು ಬಿದ್ದರೆ ಎಲ್ಲಿ ಕೆಡುತ್ತದೋ ಎಂದು ಅಲ್ಲೇ ಉಳಿದಿದ್ದ. "ಕೇಳ್ರೀ, ಅಪ್ಪ ಬಂದಿದಾರೆ. ಅವರಿಗೆ ನಿಮ್ಮ ಮೇಲೆ ಕೋಪ ಇಲ್ವಂತೆ. ಯಾವತ್ತೂ ಇರ್ಲಿಲ್ವಂತೆ. ನೀರು ಕಂಡ್ರೆ ಹೆದರಿಕೆ ಅಂತೆ, ಅದಕ್ಕೆ ಬರ್ಲಿಲ್ವಂತೆ."

ಅತ್ತ ಕಡೆಯಿಂದ ಕೇಳಿಸಿದ ದನಿ ಎಷ್ಟು ಮೆಲ್ಲಗಿತ್ತೆಂದರೆ, ಮಗು ಎತ್ತಿಕೊಂಡು ನಿಂತಿದ್ದ ರೈಟಣ್ಣ ಬಗ್ಗಿ ಕೇಳಬೇಕಾಯಿತು.

"ಹಾಗಾದ್ರೆ ನಾನು ಬಂದು ಮಾತಾಡ್ಸಬಹುದಾ?"

ರೈಟಣ್ಣ ಫೋನು ಇಸಿದುಕೊಂಡರು. "ಬಾಪ್ಪ," ಅಂದರು. "ಕೈ ತೊಳ್ಕೊಳ್ತಾ ನಿಂತ್ಕೋಬೇಡ. ಹಾಗೇ ಬಾ."